ಹೊಳೆಗೆ ತುಂಬಿದ ಉಡಿ

ಕಾಳಜಿ ಕೇಂದ್ರ, ಹೈಸ್ಕೂಲ್ ಕಟ್ಟಡ,
ಅಥಣಿ ತಾಲ್ಲೂಕು
ಆಗಸ್ಟ್ ೧೧, ಸೋಮವಾರ

ಮಗಳು ಶೈಲಾಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಫೋನು ಸತ್ತು ನಾಲ್ಕು ದಿನವಾಯಿತು. ಚಿಕ್ಕೋಡಿಗೆ ಹೊರಟ ಔಷಧದ ಜೀಪಿನಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಾನು ಆರಾಮ ಇದ್ದೇನೆ. ನಮ್ಮ ಮನೆ ಮಾಳಿಗೆಯವರೆಗೆ ಮುಳುಗಿದೆ.

೨೦೦೫ರಲ್ಲಿ ಮುಳುಗಿತ್ತು, ೨೦೧೯ರಲ್ಲಿ ಮುಳುಗಿತ್ತು, ೨೦೨೧ರಲ್ಲೂ ಮುಳುಗಿತ್ತು. ಮೂರು ಸಲವೂ ಊರನ್ನು ಎತ್ತರಕ್ಕೆ ಸಾಗಿಸುತ್ತೇವೆಂದು ಮಾತು ಕೊಟ್ಟ ಸಾಹೇಬರ ಮುಖ ನನಗೆ ನೆನಪಿದೆ. ಈ ಸಲದವರು ಒಣ ನೆಲದ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ಇಡೀ ಊರಿಗೆ ಬಿಟ್ಟುಹೋದದ್ದು ಒಂದು ದೋಣಿ, ಆರು ಮಂದಿಯ ರಕ್ಷಣಾ ತಂಡ.

ಆ ಆರು ಮಂದಿ ನಿದ್ದೆ ಕಾಣಲಿಲ್ಲ. ಎಮ್ಮೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದ ಮುರಗೆಪ್ಪನನ್ನು ದೋಣಿಯಲ್ಲಿ ಕೂರಿಸಿ, ಎಮ್ಮೆಯನ್ನು ಪಕ್ಕದಲ್ಲಿ ಈಜಿಸಿಕೊಂಡು ಕರೆತಂದರು. ಅವರಲ್ಲಿ ಮಾಳೇಶ ಎಂಬವನು ಹಾರೂಗೇರಿ ಕಡೆಯವನು, ಕುರಿ ಕಾಯುವ ಮನೆತನ, ಇಪ್ಪತ್ತಾರು ವಯಸ್ಸು. ಸಂಜೆ ನಾವು ಹೆಂಗಸರು ಅವರ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಿದ್ದರೆ, "ದೇವರಿಗೆ ನಮ್ಮ ಹೆಸರ ಆಮ್ಯಾಲೆ ಹೇಳ್ರಿ ಆಯಿ, ಮೊದಲ ಒಂದ ಕಪ್ ಚಾ ಕೊಡ್ರಿ" ಎಂದು ನಗುತ್ತಿದ್ದ.

ಶುಕ್ರವಾರ ಗಿರಿಜವ್ವ ಒಂದು ಮಾತು ತೆಗೆದಳು. ಉಡಿ ತುಂಬದೆ ಹೊಳೆ ತಣ್ಣಗಾಗುವುದಿಲ್ಲ, ಆ ಹುಡುಗರನ್ನು ಕಾಯಬೇಕಾದರೆ ಹೊಳೆವ್ವನಿಗೇ ಬೇಡಬೇಕು ಎಂದಳು. ಮೂವತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು, ಬೇಡವೆನ್ನಲಿಲ್ಲ. ನೀರಿನ ಹತ್ತಿರ ಯಾರೂ ಸುಳಿಯಬಾರದೆಂದು ಮಾಳೇಶನೇ ಹಗ್ಗ ಕಟ್ಟಿದ್ದ. ಖಣ, ಕಾಯಿ, ಅಕ್ಕಿ, ಅರಿಷಿಣ, ಕುಂಕುಮ ಹಿಡಿದು ಐದು ಮಂದಿ ಹಗ್ಗ ದಾಟಿದೆವು.

ದಂಡೆ ಕುಸಿಯಿತು. ಒಬ್ಬಳು ನೀರಿಗೆ ಬಿದ್ದಳು. ಮಾಳೇಶ ಓಡಿ ಬಂದು ಹಾರಿದ. ಅವಳನ್ನು ಹಿಡಿದು, ಅವಳ ಸೊಂಟಕ್ಕೆ ಹಗ್ಗ ಬಿಗಿದ. ಮೇಲಿದ್ದವರು ಎಳೆದರು. ಅವಳು ಬಂದಳು, ಅವನು ಬರಲಿಲ್ಲ. ಇವತ್ತಿಗೆ ಮೂರು ದಿನ. ಉಳಿದ ಐವರು ಅದೇ ದೋಣಿಯಲ್ಲಿ ಹುಡುಕುತ್ತಿದ್ದಾರೆ.

ಅವನ ತಾಯಿ ತಾರವ್ವ ನಿನ್ನೆ ಬಂದಳು. ಕೊಕಟನೂರ ಎಲ್ಲಮ್ಮನಿಗೆ ಹರಕೆ ಹೊತ್ತು, ನನ್ನ ಪಕ್ಕದ ಚಾಪೆಯ ಮೇಲೆ ಕೂತಿದ್ದಾಳೆ. "ಯಾವ ಹೆಣ್ಮಗಳ ಸಲುವಾಗಿ ನೀರಿಗೆ ಹಾರಿದಾ ನನ್ನ ಮಗ? ಆಕೀನ ಒಮ್ಮೆ ನೋಡಬೇಕ್ರಿ" ಎಂದು ಕೇಳಿದಳು. ಗಿರಿಜವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಮೇಲಿನ ಸಾಹೇಬರನ್ನು ಬೈಯತೊಡಗಿದೆ. ಇನ್ನೊಂದು ದೋಣಿ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದೆ. ಎಲ್ಲರೂ ಹೌದೌದು ಎಂದರು. ಸುಳ್ಳಲ್ಲ ಶೈಲಾ, ಆದರೆ ತಾರವ್ವ ಕೇಳಿದ್ದು ಅದನ್ನಲ್ಲ.

ನೀನು ಬರಬೇಡ, ರಸ್ತೆ ನಂಬುವಂತಿಲ್ಲ. ಅಲ್ಲೇ ಮಾಳೇಶನ ಹೆಸರಿನಲ್ಲಿ ದೀಪ ಹಚ್ಚು. ಆ ಐವರ ಹೆಸರೂ ಹೇಳು ಎನ್ನೋಣವೆಂದರೆ, ನಾಚಿಕೆ, ನನಗೆ ಈಗ ಅವು ನೆನಪಾಗುತ್ತಿಲ್ಲ.

ನಿನ್ನ ಅವ್ವ,
ರಾಜೇಶ್ವರಿ

ತಾ.ಕ.: ನೀರಿಗೆ ಬಿದ್ದವಳು ನಾನೇ. ಈಗಷ್ಟೇ ತಾರವ್ವನಿಗೆ ಹೇಳಿದೆ. ಅವಳು ಬೈಯಲಿಲ್ಲ. ಕೊನೆಗೆ ಏನಾದರೂ ಮಾತಾಡಿದನೇ ಎಂದು ಕೇಳಿದಳು. "ಆಯಿ, ಕಾಲ ಬಡೀಬ್ಯಾಡ್ರಿ, ನಾ ಹಿಡದೀನಿ" ಅಂದಿದ್ದ ಎಂದೆ. ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ನಾನು ಕಾಲು ಬಡಿದೆ, ಅದು ಅವನ ಎದೆಗೆ ಬಿತ್ತು. ಇದನ್ನು ಅವಳಿಗೆ ಹೇಳಿಲ್ಲ.