ಗೊರಕೆ ಕೇಳದ ಟೆಂಟು

ನವೆಂಬರ್ ೧೧, ಶನಿವಾರ

ಇವರ ಗೊರಕೆ ಕೇಳಿಸುತ್ತಿಲ್ಲ. ಹಟ ಹಿಡಿದು ಜಲಪಾತದ ಪಕ್ಕದಲ್ಲೇ ಟೆಂಟು ಹಾಕಿಸಿದವಳು ನಾನೇ. ಮದುವೆಯಾದಾಗಿನಿಂದ ಆ ಗೊರಕೆಗೆ ಶಾಪ ಹಾಕಿದವಳೂ ನಾನೇ. ಇವರ ಹೃದಯದ ಆಪರೇಷನ್ ಆದಮೇಲೆ ಅದು ಕಿವಿಗೆ ಬೀಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಡಾಕ್ಟರು ಧಾರಾಳವಾಗಿ ಹೋಗಿ ಬನ್ನಿ ಅಂದರು ನಿಜ, ಆದರೆ ಇಲ್ಲಿಂದ ರಸ್ತೆಗೆ ಅರ್ಧ ದಿನದ ನಡಿಗೆ.

"ಇವತ್ತೊಂದಿನ ಕಾವಲು ಬಿಟ್ಟು ಮಲಗೇ ಮಹರಾಯ್ತಿ," ಎಂದು ಆ ಕಡೆ ತಿರುಗಿಕೊಂಡರು.

ಬೆಳದಿಂಗಳಿಗೆ ಟೆಂಟಿನ ಹಸಿರು ಬಟ್ಟೆಯೆಲ್ಲ ಬೆಳಗಿ, ಕೊಳದ ತಳದಲ್ಲಿ ಮಲಗಿದ ಹಾಗಿದೆ. ನೀರಿನ ಸದ್ದಿನೊಳಗೆ ಏನೇನೋ ಕೇಳುತ್ತದೆ: ನಮ್ಮ ಮನೆಯ ಮಿಕ್ಸಿ, ಆಸ್ಪತ್ರೆಯ ಲಿಫ್ಟು, ಅಮ್ಮ ಕರೆದ ಹಾಗೆ. ಗೊರಕೆಯೊಂದು ಬಿಟ್ಟು.

ತಡೆಯಲಾಗದೆ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟೆ.

"ಇದ್ದೀನಿ ಕಣೇ."

"ನಿದ್ದೆ ಬರ್ಲಿಲ್ವಾ?" ಕೂಗಿಯೇ ಕೇಳಬೇಕಾಯಿತು.

"ನೀನು ನಿದ್ದೇಲಿ ಗೊಣಗೋದು ಕೇಳಿಸ್ತಿಲ್ಲ, ಹೇಗೆ ಬರತ್ತೆ?"

ಇಬ್ಬರಿಗೂ ನಗು.

ಎಡಗೈ ಅಲ್ಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಈಗಷ್ಟೇ ಅಂಗೈ ಕೆಳಗೆ ಏನೋ ಸಣ್ಣಗೆ ಗುರುಗುಟ್ಟತೊಡಗಿತು. ಗೊರಕೆ! ಕೈಗೆ ಎಷ್ಟು ಚೆನ್ನಾಗಿ ಕೇಳಿಸುತ್ತದೆ. ನನಗೂ ಕಣ್ಣು ಎಳೆಯುತ್ತಿದೆ. ನಾಳೆ ಟೆಂಟನ್ನು ನೀರಿಗೆ ಇನ್ನೂ ಸ್ವಲ್ಪ ಹತ್ತಿರ