ಸೊನ್ನೆ ಅಂಕದ ಮಗು

ಜೂನ್ ೧೪, ಭಾನುವಾರ

ಜಾಣಮರಿ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಮೊದಲ ಸಾಲಿನಲ್ಲೇ ಸುಳ್ಳು ಬೇಡವೆನಿಸಿತು. ನಿನ್ನ ಪತ್ರಗಳಿಗೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸು. ಕೆಲಸವಿತ್ತು ಎಂದು ನೆಪ ಹೇಳುವುದಿಲ್ಲ. ಪೆನ್ನು ಹಿಡಿದಾಗಲೆಲ್ಲ ಮೈ ಉರಿಯುತ್ತಿತ್ತು, ಅಷ್ಟೆ.

ಮೊದಲು ಮನೆಯ ಸುದ್ದಿ. ನಿನ್ನ ಭಾವನಿಗೆ ಬೆನ್ನುನೋವು, ಎಷ್ಟು ಬೈದರೂ ವ್ಯಾಯಾಮ ಮಾಡುವುದಿಲ್ಲ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ; ಈಗ ಮೂಲೆಮೂಲೆಯ ದೂಳೂ ಕಾಣಿಸಿ ನನ್ನ ಪ್ರಾಣ ತಿನ್ನುತ್ತಾಳೆ. ನನ್ನ ಮಗಳು, ನಿನ್ನ ‘ಬಾಯಿಬಡುಕಿ’, ಶಾಲೆಗೆ ಹೋಗುತ್ತಿದ್ದಾಳೆ. ಇರುವೆ ಕಚ್ಚಿದರೂ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ ಎಂದು ನೀನೇ ಇಟ್ಟ ಹೆಸರಲ್ಲವೇ ಅದು. ಅವಳ ಹರ್ನಿಯಾ ಆಪರೇಷನ್ನಿನ ಹೊಲಿಗೆ ಚೆನ್ನಾಗಿ ಮಾಯ್ದಿದೆ. ನೀನು ಕೇಳಿದ್ದು ಹೊಲಿಗೆಯ ಬಗ್ಗೆ ಮಾತ್ರ, ಆದ್ದರಿಂದ ಅಷ್ಟನ್ನೇ ಹೇಳುತ್ತೇನೆ.

ಈಗ ನಿನ್ನ ವಿಷಯ. ಮಗುವಿಗೆ ಅರಿವಳಿಕೆ ಕೊಡುವಾಗ ತಾಯಿ ಪಕ್ಕದಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ನೀನು ನಮ್ಮ ಆಸ್ಪತ್ರೆಯಲ್ಲೇ ಕೂತು ಅಧ್ಯಯನ ಮಾಡಿ ಬರೆದೆ. ಬರೆದದ್ದೇ ತಡ, ನಮ್ಮ ದೊಡ್ಡವರು ಆಪರೇಷನ್ ಕೋಣೆಯ ಬಾಗಿಲಿಗೆ ‘ಪೋಷಕರಿಗೆ ಪ್ರವೇಶವಿಲ್ಲ’ ಎಂಬ ಹಲಗೆ ನೇತುಹಾಕಿದರು. ನಾನು ಅರಿವಳಿಕೆ ಕೊಡುವ ಈ ಕೆಲಸ ಶುರು ಮಾಡಿದಾಗಿನಿಂದ ಒಂದೇ ಪದ್ಧತಿ. ಮಗು ಅಮ್ಮನ ತೊಡೆಯ ಮೇಲೆ ಕೂರಬೇಕು. ಗ್ಯಾಸ್ ಬಿಡುವ ಮೊದಲು ಮಾಸ್ಕನ್ನು ಅಮ್ಮನ ಮೂಗಿಗೆ ಹಿಡಿದು ತೋರಿಸಬೇಕು, ಆಮೇಲೆ ಮಗುವಿಗೆ. ನಿದ್ದೆ ಹತ್ತಿದ ಮೇಲೆ ಅಮ್ಮ ಹಣೆಗೊಂದು ಮುತ್ತು ಕೊಟ್ಟು ಹೊರಗೆ ಹೋಗುತ್ತಾಳೆ. ನಿನಗೆ ಮಾಸ್ಕ್ ಹಿಡಿಯಲು ಕಲಿಸಿದವಳು ನಾನೇ. “ಅಕ್ಕಾ, ನೀನು ಸರ್ಕಸ್ ಮಾಡ್ತೀಯ, ನಾನು ವಿಜ್ಞಾನ ಮಾಡ್ತೀನಿ” ಎಂದು ಎಲ್ಲರೆದುರು ನಕ್ಕೆಯಲ್ಲ.

ನಿನ್ನ ವಿಜ್ಞಾನ ನೋಡಿದೆ. ಮಗು ಕಿರುಚಿದರೆ ಐದು ಅಂಕ, ಅತ್ತರೆ ಮೂರು, ಸುಮ್ಮನಿದ್ದರೆ ಸೊನ್ನೆ. ಸೊನ್ನೆ ಎಂದರೆ ಭಯವೇ ಇಲ್ಲ! ಅಯ್ಯೋ ಮಹಾರಾಯ್ತಿ, ಹೆದರಿ ಮರಗಟ್ಟಿದ ಮಗುವನ್ನು ನೀನು ಒಮ್ಮೆಯೂ ನೋಡಿಲ್ಲವೇ? ಮುಷ್ಟಿ ಬಿಗಿದಿರುತ್ತದೆ, ರೆಪ್ಪೆ ಮಿಟುಕುವುದಿಲ್ಲ, ಉಸಿರನ್ನೂ ಕದ್ದು ಬಿಡುತ್ತದೆ. ಅಮ್ಮ ಇದ್ದಾಗ ಮಕ್ಕಳು ಅಳುತ್ತವೆ, ನಿಜ. ಕೇಳುವವರಿದ್ದಾರೆ ಎಂದು ಅಳುತ್ತವೆ. ಯಾರೂ ಇಲ್ಲ ಎಂದು ಗೊತ್ತಾದಾಗ ಕೆಲವು ಬಾಯಿ ಮುಚ್ಚಿಬಿಡುತ್ತವೆ. ಒಂದು ಕಡೆ ಅಳುವುದಕ್ಕೆ ಅಂಕ ಏರಿಸಿದೆ, ಇನ್ನೊಂದು ಕಡೆ ಬಾಯಿ ಕಟ್ಟಿದ್ದಕ್ಕೆ ಇಳಿಸಿದೆ, ಕೊನೆಗೆ ಎರಡೂ ಸಮ ಬಂತು ಎಂದು ಬೀಗಿದೆ. ನಾಚಿಕೆಯಾಗಬೇಕು ನಿನಗೆ.

ಮೊನ್ನೆ ಒಬ್ಬ ದರ್ಜಿ ಮಗಳನ್ನು ಎತ್ತಿಕೊಂಡು ಬಂದ. ಅವಸರದಲ್ಲಿ ಅಳತೆ ಟೇಪು ಕೊರಳಲ್ಲೇ ಉಳಿದಿತ್ತು, ಮಗು ಅದರ ತುದಿ ಹಿಡಿದುಕೊಂಡಿತ್ತು. ಹೆಡ್ ನರ್ಸ್ ಬಾಗಿಲಲ್ಲೇ ತಡೆದರು.

“ಒಳಗೆ ಬಿಡಕ್ಕಾಗಲ್ಲಪ್ಪ. ಅಪ್ಪ ಅಮ್ಮ ಇದ್ರೂ ಒಂದೇ ಅಂತ ಸಂಶೋಧನೆ ಆಗಿದೆ.”

“ಯಾರ ಮಗು ಮೇಲೆ ಮಾಡಿದ್ರು ಸಿಸ್ಟರ್?” ಎಂದ ಅವನು.

ಅವರು ತಟ್ಟನೆ ನನ್ನ ಮುಖ ನೋಡಿದರು. ನಾನು ಟೋಪಿ ಸರಿಮಾಡಿಕೊಳ್ಳುವ ಹಾಗೆ ಆ ಕಡೆ ತಿರುಗಿದೆ.

ಗುರುವಾರದ ಸಭೆಯಲ್ಲಿ ಈ ನಿಯಮವನ್ನು ಖಾಯಂ ಮಾಡುತ್ತಾರೆ. ನೀನು ಬಂದು ಭಾಷಣ ಮಾಡುತ್ತೀಯಂತೆ, ನಿನ್ನ ಪರವಾಗಿ ನಾನೂ ಎರಡು ಮಾತು ಆಡಬೇಕಂತೆ. ‘ಅಕ್ಕ ತಂಗಿ ಒಂದೇ ಮಾತು ಆಡಿದ್ರೆ ಚೆನ್ನಾಗಿರುತ್ತೆ’ ಎಂದು ಬರೆದಿದ್ದೀಯ. ಯಾರಿಗೆ ಚೆನ್ನಾಗಿರುತ್ತೆ? ನಾನು ಎದ್ದು ನಿಂತು, ಅಂಕ ಕೊಟ್ಟ ಲೆಕ್ಕವೇ ತಪ್ಪು ಎಂದು ನಿನ್ನ ಮುಖಕ್ಕೇ ಹೇಳುವವಳು. ಅದಕ್ಕೆ ಮುಂಚೆ ನೀನೇ ಹೇಳಿ ಆ ಹಲಗೆ ತೆಗೆಸಿದರೆ ನಿನ್ನ ಮರ್ಯಾದೆ ಉಳಿಯುತ್ತದೆ. ಅಮ್ಮ “ತಂಗಿ ಹೊಟ್ಟೆ ಮೇಲೆ ಹೊಡೀಬೇಡ್ವೇ” ಎಂದು ಗೋಗರೆಯುತ್ತಾಳೆ. ನಿನ್ನ ಹೊಟ್ಟೆಗೇನೂ ಆಗುವುದಿಲ್ಲ, ಕೊಬ್ಬು ಸ್ವಲ್ಪ ಇಳಿಯುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಆರೋಗ್ಯ ನೋಡಿಕೋ. ಮೊದಲು ಹುಟ್ಟಿದ ತಪ್ಪಿಗೆ ಆಶೀರ್ವಾದ ಮಾಡಲೇಬೇಕು: ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ಇತಿ,
ಇನ್ನೂ ನಿನ್ನ ಅಕ್ಕನೇ ಆಗಿರುವ,
ನಾನು

ತಾ.ಕ.: ಹೋದಲ್ಲೆಲ್ಲ ಒಂದು ವಿಡಿಯೊ ತೋರಿಸುತ್ತೀಯಂತೆ. ‘ನೋಡಿ, ತಾಯಿ ಇಲ್ಲದೆಯೂ ಎಷ್ಟು ಶಾಂತವಾಗಿದೆ ಮಗು, ಸೊನ್ನೆ ಅಂಕ’ ಎನ್ನುತ್ತೀಯಂತೆ. ಅದು ನಮ್ಮ ಬಾಯಿಬಡುಕಿ ಎಂದು ಮಾತ್ರ ನೀನು ಯಾರಿಗೂ ಹೇಳುವುದಿಲ್ಲ. ತಂಗಿಯ ಕೆಲಸ ಎಂದು ನಂಬಿ ನಾನೇ ಅವಳನ್ನು ನಿನ್ನ ಅಧ್ಯಯನಕ್ಕೆ ಸೇರಿಸಿದೆ. ತಾಯಿ ಒಳಗೋ ಹೊರಗೋ ಎಂದು ಚೀಟಿ ಎತ್ತಿದಾಗ ‘ತಾಯಿ ಹೊರಗೆ’ ಎಂದು ಬಂತು. “ನಿಯಮ ಅಂದ್ರೆ ನಿಯಮ ಅಕ್ಕಾ” ಎಂದು ನೀನೇ ಬಾಗಿಲು ಹಾಕಿದೆ. ದಿನವೂ ನಾನು ಓಡಾಡುವ ಬಾಗಿಲಿಗೆ ಹೊರಗಿನಿಂದ ಕಿವಿಯಿಟ್ಟು ನಿಂತಿದ್ದೆ. ಒಳಗಿನಿಂದ ಸದ್ದೇ ಬರಲಿಲ್ಲ.

ನಿನ್ನೆ ಕಪಾಟಿನ ಸಂದಿಗೆ ಅವಳ ಬೆರಳು ಸಿಕ್ಕಿಕೊಂಡಿತು. ನಾನು ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಿಸುತ್ತಿದ್ದೆ, ಏನೂ ಕೇಳಿಸಲಿಲ್ಲ. ಊಟಕ್ಕೆ ಕೂತಾಗ ಕಪ್ಪಾದ ಉಗುರು ಕಂಡಿತು. “ಯಾಕೆ ಕಂದಾ, ಅಮ್ಮನ್ನ ಕರೀಬಾರದಿತ್ತಾ?” ಎಂದೆ.

“ಕರೆದ್ರೆ ಬರ್ತೀಯಾ?” ಎಂದಳು.