ಅಭಿಪ್ರಾಯ ಪುಸ್ತಕದಲ್ಲಿ ನಾನು ಬರೆದದ್ದು ದೂರಲ್ಲ

ಮಾನ್ಯ ಪ್ರಾದೇಶಿಕ ವ್ಯವಸ್ಥಾಪಕರೇ,

ಉಡುಪಿ ಬಸ್ ನಿಲ್ದಾಣದ ಎದುರಿನ ನಿಮ್ಮ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಎರಡು ವರ್ಷ ದುಡಿದ ಪುಷ್ಪಾವತಿ ಎಂಬ ಹೆಣ್ಣುಮಗಳನ್ನು ನೀವು ಕಳೆದ ತಿಂಗಳು ಕೆಲಸದಿಂದ ತೆಗೆದಿರಿ. ಅದಕ್ಕೆ ನೀವು ಕೊಟ್ಟ ಕಾರಣ ನಾನು. "ಗ್ರಾಹಕ ಶ್ರೀ ವಿಷ್ಣುಮೂರ್ತಿಯವರ ಲಿಖಿತ ದೂರಿನ ಮೇರೆಗೆ" ಎಂದು ಟೈಪು ಮಾಡಿಸಿ, ಮೊಹರು ಒತ್ತಿಸಿ, ಕೆಳಗೆ ದೊಡ್ಡದೊಂದು ರುಜು ಹಾಕಿದ್ದೀರಿ. ಆ ವಿಷ್ಣುಮೂರ್ತಿ ನಾನೇ. ನಾನು ದೂರು ಕೊಟ್ಟಿಲ್ಲ. ನಾನು ಆಕೆಯನ್ನು ಹೊಗಳಿ ಬರೆದಿದ್ದೆ. ಇದನ್ನು ತಿಳಿಸಿ ನಿಮ್ಮ ಕಚೇರಿಗೆ ಎರಡು ಕಾಗದ ಹಾಕಿದೆ, ಎರಡನೆಯದು ರಿಜಿಸ್ಟರ್ಡ್. ತಲುಪಿದ್ದಕ್ಕೆ ನಿಮ್ಮವರ ಸಹಿ ಬಂತು, ಉತ್ತರ ಬರಲಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ನಿಮ್ಮ ಕಂಪೆನಿಯ ಹೆಸರನ್ನು ಮಾತ್ರ ಸಂಪಾದಕರ ಕೋರಿಕೆಯ ಮೇಲೆ ಬಿಟ್ಟಿದ್ದೇನೆ. ನೀವು ಈ ಪತ್ರಿಕೆಗೆ ವಾರಕ್ಕೊಂದು ಜಾಹೀರಾತು ಕೊಡುತ್ತೀರಂತೆ.

ನಾನು ಮಣಿಪಾಲದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತ. ಮನೆ ಇನ್ನಂಜೆಯಲ್ಲಿ. ಸಂಜೆ ಉಡುಪಿಯಲ್ಲಿ ಇಳಿದು ಕಾಪು ಕಡೆಯ ಬಸ್ಸು ಹಿಡಿಯಬೇಕು. ನಡುವೆ ಅರ್ಧ ಗಂಟೆ ಹೊಟ್ಟೆ ಹಸಿದುಕೊಂಡು ನಿಂತಿರುವವನು. ಎಂಬತ್ತನಾಲ್ಕರಲ್ಲಿ ನೀವು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಒಟ್ಟಿಗೆ ನಾಲ್ಕು ಅಂಗಡಿ ತೆರೆದು "ನಾಲ್ಕು ಊರು, ಒಂದೇ ರುಚಿ" ಎಂದು ಬೋರ್ಡು ಹಾಕಿದಾಗ ನಾವೆಲ್ಲ ನಕ್ಕಿದ್ದೆವು. ಬ್ರೆಡ್ಡು ಎಂದರೆ ಜ್ವರ ಬಂದವರ ಆಹಾರ ಎಂದೇ ನಮಗೆ ಗೊತ್ತಿದ್ದದ್ದು. ಒಳ್ಳೆಯ ಆರೋಗ್ಯದಲ್ಲಿರುವವರು ಅದರ ನಡುವೆ ಸೌತೆಕಾಯಿ ಇಟ್ಟು ದುಡ್ಡು ಕೊಟ್ಟು ತಿನ್ನುತ್ತಾರೆಂದು ಯಾರು ಎಣಿಸಿದ್ದರು? ಆದರೂ ಒಂದು ಸಂಜೆ ಮಳೆಗೆ ನಿಮ್ಮ ಮಾಡಿನ ಕೆಳಗೆ ನಿಂತವನು ಒಂದು ತಿಂದೇಬಿಡೋಣ ಎಂದುಕೊಂಡೆ.

ಇಲ್ಲಿ ನನ್ನ ವಿಷಯವನ್ನು ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ನೀರುಳ್ಳಿ ಬಳಸುವುದಿಲ್ಲ. ನನ್ನ ತಂದೆ ಹೊರಗೆ ಒಂದು ಲೋಟ ನೀರು ಕುಡಿದವರಲ್ಲ. ನಾನು ಹೋಟೆಲುಗಳಲ್ಲಿ ಧಾರಾಳವಾಗಿ ತಿನ್ನುತ್ತೇನೆ, ಆದರೆ ನೀರುಳ್ಳಿ ತಿನ್ನುವುದಿಲ್ಲ, ಮೊಟ್ಟೆ ತಾಗಿದ್ದನ್ನು ಮುಟ್ಟುವುದಿಲ್ಲ. ಇದು ಯಾವ ಶಾಸ್ತ್ರ ಎಂದು ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. ಬಿಡಬಾರದ್ದನ್ನೆಲ್ಲ ಬಿಟ್ಟಾದ ಮೇಲೆ ಇದೊಂದನ್ನು ಹಿಡಿದುಕೊಂಡಿದ್ದೇನೆ. ನನ್ನ ಹಾಗಿನವರು ಉಡುಪಿಯ ಬೀದಿಗಳಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಅಂದು ನೀರುಳ್ಳಿ ಬೇಡ ಎಂದೆ, ಆಕೆ ಹಾಕಲಿಲ್ಲ. ಆದರೆ ಪಕ್ಕದವರ ಮೊಟ್ಟೆ ಕತ್ತರಿಸಿದ ಚೂರಿಯಲ್ಲೇ ನನ್ನದನ್ನೂ ಕತ್ತರಿಸಿದ್ದನ್ನು ನೋಡಿಬಿಟ್ಟೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಬಸ್ಸು ಬಂದಾಗ ಅದನ್ನು ಹಾಗೆಯೇ ಕಾಗದ ಸಮೇತ ಕಟ್ಟೆಯ ಮೇಲೆ ಇಟ್ಟು ಹತ್ತಿದೆ.

ಮರುದಿನ ಅಲ್ಲಿ ನಿಂತಾಗ ಆಕೆ ಮೇಜಿನ ಕೆಳಗಿನಿಂದ ಕಾಗದದಲ್ಲಿ ಸುತ್ತಿದ ಒಂದು ಹೊಸ ಚೂರಿ ತೆಗೆದಳು.

"ಮಾಸ್ಟ್ರೇ, ಇದು ಬೇರೆ ಚೂರಿ. ಮೊಟ್ಟೆ, ನೀರುಳ್ಳಿ ಯಾವುದೂ ತಾಗಿಸುವುದಿಲ್ಲ ಇದಕ್ಕೆ. ನಿಮಗೆ, ಮತ್ತೆ ಮಠದ ಕಡೆಯಿಂದ ಬರುವ ಅಮ್ಮಂದಿರಿಗೆ."

"ಯಾರು ಹೇಳಿದ್ದು ನಿನಗೆ?"

"ಯಾರು ಹೇಳಬೇಕು? ನಿನ್ನೆ ನೀವು ಅದನ್ನು ಹಿಡಿದುಕೊಂಡು ನಿಂತದ್ದು ನನಗೆ ಕಾಣಲಿಲ್ಲವಾ?"

ಕಾಪು ಪಡುವಿನ ಮೀನುಗಾರರ ಮನೆಯ ಹುಡುಗಿ, ನೀರುಳ್ಳಿ ಇಲ್ಲದೆ ಅಡುಗೆ ಆಗುತ್ತದೆ ಎಂಬುದೇ ಅವಳ ಮನೆಯಲ್ಲಿ ತಮಾಷೆಯಾಗಿರಬೇಕು. ಆದರೂ ಎರಡು ವರ್ಷ ಒಂದು ದಿನ ತಪ್ಪದೆ ಆ ಚೂರಿಯನ್ನು ಕಾಪಾಡಿದಳು. ಏಕಾದಶಿ ದಿನ ನಾನು ಮರೆತು ಕೈ ಚಾಚಿದರೆ, "ಇವತ್ತು ನಿಮಗೆ ಇಲ್ಲ ಅಲ್ವಾ ಮಾಸ್ಟ್ರೇ?" ಎಂದು ನೆನಪಿಸಿ ವ್ಯಾಪಾರ ಕಳೆದುಕೊಳ್ಳುತ್ತಿದ್ದಳು. ಉಡುಪಿಯ ಅಂಗಡಿಯಲ್ಲಿ ಇರುವ ಜನ ನಿಮ್ಮ ಉಳಿದ ಮೂರು ಅಂಗಡಿಗಳಲ್ಲಿ ಯಾಕೆ ಇಲ್ಲ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ತಲೆ ಕೆಡಿಸಿಕೊಂಡಿದ್ದರೆ ಕಾರಣ ಆ ಮೇಜಿನ ಕೆಳಗೆ ಇತ್ತು.

ಇನ್ನು ನಿಮ್ಮ ಅಭಿಪ್ರಾಯ ಪುಸ್ತಕ. ಕೌಂಟರಿಗೆ ದಾರ ಕಟ್ಟಿ ತೂಗುಬಿಟ್ಟ ಆ ಪುಸ್ತಕದ ಮೇಲೆ "ನಿಮ್ಮ ಅಭಿಪ್ರಾಯವೇ ನಮಗೆ ದಾರಿದೀಪ" ಎಂದು ಅಚ್ಚಾಗಿದೆ. ಬಸ್ಸು ತಡವಾದಾಗಲೆಲ್ಲ ಅದನ್ನು ನಾನು ಓದುತ್ತಿದ್ದೆ. ಕೈ ತೊಳೆಯುವ ನಲ್ಲಿಯಲ್ಲಿ ನೀರಿಲ್ಲ ಎಂದು ಜನ ಬರೆದರು, ಎರಡು ಮಳೆಗಾಲ ಕಳೆದರೂ ನಲ್ಲಿಯಲ್ಲಿ ನೀರಿಲ್ಲ. ಬೆಣ್ಣೆ ಕನರು ವಾಸನೆ ಎಂದು ಬರೆದರು, ಈಗಲೂ ವಾಸನೆ ಹಾಗೆಯೇ ಉಂಟು. ಮಣಿಪಾಲದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ನಿಮ್ಮ ಚಟ್ನಿಯಿಂದ ಬರಬಹುದಾದ ಕಾಯಿಲೆಗಳ ಪಟ್ಟಿಯನ್ನೇ ಅಂದವಾದ ಅಕ್ಷರದಲ್ಲಿ ಬರೆದಿದ್ದಾನೆ. ಬಜಗೋಳಿಯ ಡೊಮಿನಿಕ್ ಎಂಬವರು, ನನ್ನ ಹಾಗೆಯೇ ಬಸ್ಸಿಗೆ ಕಾಯುವ ಗೃಹಸ್ಥರು, ಸೋಮವಾರದ ಬ್ರೆಡ್ಡನ್ನು ಗುರುವಾರ ಕೊಡುತ್ತೀರಿ ಎಂಬ ಒಂದೇ ದೂರನ್ನು ಹದಿಮೂರು ಸಲ ಬರೆದಿದ್ದಾರೆ. ಹದಿಮೂರನೆಯದನ್ನು ಕೆಂಪು ಶಾಯಿಯಲ್ಲಿ ಬರೆದರು. ಯಾವುದರ ಮುಂದೆಯೂ "ಕ್ರಮ ಕೈಗೊಳ್ಳಲಾಯಿತು" ಎಂಬ ಅಂಕಣದಲ್ಲಿ ಒಂದಕ್ಷರ ಬಿದ್ದಿಲ್ಲ.

ಎರಡು ವರ್ಷಗಳಲ್ಲಿ ನೀವು ಕ್ರಮ ಕೈಗೊಂಡ ಅಭಿಪ್ರಾಯ ಒಂದೇ ಒಂದು. ಅದು ನನ್ನದು. ಆ ಪುಸ್ತಕದಲ್ಲಿದ್ದ ಏಕೈಕ ಹೊಗಳಿಕೆಯೂ ಅದೇ. ಜನ ಓದಲಿ ಎಂದು ಅದನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ:

"ದಿನಾಂಕ ೧೪-೮-೧೯೮೬. ಈ ಅಂಗಡಿಯ ಕುಮಾರಿ ಪುಷ್ಪಾವತಿಯವರು ನೀರುಳ್ಳಿ ಸೇವಿಸದ ಗ್ರಾಹಕರಿಗಾಗಿ ತಾವೇ ಮನೆಯಿಂದ ಪ್ರತ್ಯೇಕವಾದ ಚೂರಿಯೊಂದನ್ನು ತಂದು, ಅದನ್ನು ಮೊಟ್ಟೆ ಮೊದಲಾದವುಗಳ ಸಂಪರ್ಕಕ್ಕೆ ಬಾರದಂತೆ ಶುಭ್ರವಾದ ಕಾಗದದಲ್ಲಿ ಸುತ್ತಿ ಎರಡು ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಇಂತಹ ಸೂಕ್ಷ್ಮಪ್ರಜ್ಞೆ ಅಪರೂಪವಾದುದು. ಸಂಸ್ಥೆಯವರು ಇವರಿಗೆ ಸೂಕ್ತ ಮನ್ನಣೆ ನೀಡಬೇಕೆಂದು ಕೋರುತ್ತೇನೆ."

ಸೂಕ್ತ ಮನ್ನಣೆ ನೀಡಿದಿರಿ, ಸ್ವಾಮಿ. ಅಂಗಡಿ ತನಿಖೆಗೆಂದು ಬಂದವರು ಪುಸ್ತಕ ತಿರುವಿದಿರಂತೆ. ನಲ್ಲಿಯ ಪುಟ ದಾಟಿದಿರಿ, ಬೆಣ್ಣೆಯ ಪುಟ ದಾಟಿದಿರಿ, ಡೊಮಿನಿಕ್ಕರ ಕೆಂಪು ಶಾಯಿಯನ್ನೂ ದಾಟಿದಿರಿ. ನನ್ನ ಪುಟಕ್ಕೆ ಬಂದು ನಿಂತು, "ಮನೆಯಿಂದ ಚೂರಿ ತಂದದ್ದು ಹೌದಾ?" ಎಂದು ಆಕೆಯನ್ನು ಕೇಳಿದಿರಿ. ಆಕೆ ಹೌದು ಎಂದಳು, ಸುಳ್ಳು ಯಾಕೆ ಹೇಳಬೇಕಿತ್ತು? ಸಾಕ್ಷಿಯಾಗಿ ಹೆಸರು, ದಿನಾಂಕ, ಚೂರಿ ಇಡುವ ಕ್ರಮ ಎಲ್ಲವನ್ನೂ ಒಬ್ಬ ಕನ್ನಡ ಪಂಡಿತ ಶುದ್ಧ ಕನ್ನಡದಲ್ಲಿ ಬರೆದುಕೊಟ್ಟಿದ್ದ. ವಿಷಯ ತಿಳಿದ ದಿನ ನನ್ನ ಹೆಂಡತಿ ಮನೋರಮಾ ಹಣೆ ಚಚ್ಚಿಕೊಂಡಳು. "ಚೆನ್ನಾಗಿತ್ತು ಅಂತ ಒಂದು ಶಬ್ದ ಬರೆದರೆ ಸಾಲುತ್ತಿರಲಿಲ್ಲವಾ ನಿಮಗೆ? ಚೂರಿಯ ಜಾತಕ ಎಲ್ಲ ಬರೆಯಲಿಕ್ಕೆ ಯಾರು ಹೇಳಿದ್ದು?" ಎಂದಳು. ಡೊಮಿನಿಕ್ ಇನ್ನೂ ಚೆನ್ನಾಗಿ ಹೇಳಿದರು: "ಮಾಸ್ಟ್ರೇ, ನೀವು ಬೈದು ಬರೆಯಬೇಕಿತ್ತು. ಬೈದದ್ದಕ್ಕೆ ಅವರು ಏನೂ ಮಾಡುವುದಿಲ್ಲ ಮಾರಾಯ್ರೇ."

ಕಂಪೆನಿಯ ಅನುಮತಿ ಇಲ್ಲದ ಚೂರಿ, ಒಪ್ಪಿದೆ. ನಿಯಮ ಮುರಿದದ್ದಕ್ಕೆ ಎಚ್ಚರಿಕೆ ಕೊಟ್ಟು, ನೀವೇ ಒಂದು ಎರಡನೆಯ ಚೂರಿ ಕೊಡಿಸಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಆದರೆ ನೀವು ಅಷ್ಟಕ್ಕೆ ನಿಲ್ಲಲಿಲ್ಲ. "ಮೀನು ಕೊಯ್ಯುವ ಮನೆಯಿಂದ ತಂದ ಚೂರಿಯನ್ನು ಬಳಸಿ ಸಸ್ಯಾಹಾರಿ ಗ್ರಾಹಕರ ಭಾವನೆಗೆ ನೋವು ಉಂಟುಮಾಡಿದ್ದೀರಿ ಎಂದು ಸದರಿ ಗ್ರಾಹಕರು ದೂರಿರುತ್ತಾರೆ" ಎಂದು ಸೇರಿಸಿದಿರಿ. ನಾನು ಕೇಳುತ್ತೇನೆ, ಮೀನು ಎಂಬ ಶಬ್ದವನ್ನು ನಾನು ಎಲ್ಲಿ ಬರೆದಿದ್ದೇನೆ? ಯಾವ ಸಾಲಿನಲ್ಲಿ? ಆ ಚೂರಿಯನ್ನು ಆಕೆ ಹಿಂದಿನ ಸಂಜೆ ಉಡುಪಿಯ ಪಾತ್ರೆ ಅಂಗಡಿಯಲ್ಲಿ ಹೊಸದಾಗಿ ಕೊಂಡು ಮರುದಿನ ಮನೆಯಿಂದ ತಂದದ್ದು. ಅದಿರಲಿ, ನಮ್ಮ ಕರಾವಳಿಯಲ್ಲಿ ಮೀನು ಕೊಯ್ಯುವುದು ನೆಲದ ಮೇಲೆ ಕೂತು ಮೆಟ್ಟುಕತ್ತಿಯಲ್ಲಿ. ಬ್ರೆಡ್ಡು ಕೊಯ್ಯುವ ಚೂರಿಯಲ್ಲಿ ಬಂಗುಡೆ ಕೊಯ್ಯಲು ಹೋದರೆ ಕೊಯ್ಯುವವರ ಬೆರಳು ಹೋಗುತ್ತದೆ. ಮೀನು ತಿನ್ನದ ನನಗೆ ಇದು ಗೊತ್ತು. ನಾಲ್ಕು ಊರುಗಳಲ್ಲಿ ತಿನ್ನಲು ಕೊಡುವ ನಿಮಗೆ ಗೊತ್ತಿಲ್ಲವೇ? ನಿಮ್ಮ ತಲೆಯಲ್ಲಿದ್ದ ಅಸಹ್ಯವನ್ನು ನನ್ನ ಹೆಸರಿನಲ್ಲಿ ಬರೆದಿರಿ. ಇದಕ್ಕೆ ನನಗೆ ಬಂದಿರುವ ಸಿಟ್ಟು ಈ ಜನ್ಮದಲ್ಲಿ ಇಳಿಯುವಂಥದ್ದಲ್ಲ.

ನಿಮ್ಮ ಆ ಮೊಹರಿನ ಕಾಗದವನ್ನು ನನಗೆ ತೋರಿಸಿದವರು ಪುಷ್ಪಾವತಿಯ ಅಣ್ಣ ದೇಜಪ್ಪ. ಬೋಟಿನಲ್ಲಿ ಕೆಲಸ ಮಾಡುವವರು. ಒಂದು ಭಾನುವಾರ ಬೆಳಿಗ್ಗೆ ಇನ್ನಂಜೆಯ ನಮ್ಮ ಅಂಗಳಕ್ಕೆ ಬಂದು ನಿಂತರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ತುಳುವಿನಲ್ಲಿ ಕೇಳಿದ್ದನ್ನು ನಿಮಗೆ ಅರ್ಥವಾಗಲೆಂದು ಕನ್ನಡದಲ್ಲಿ ಬರೆಯುತ್ತೇನೆ.

"ನಮ್ಮ ಹುಡುಗಿ ಮಾಡಿಕೊಟ್ಟದ್ದನ್ನು ಎರಡು ವರ್ಷ ತಿಂದಿರಿ ಮಾಸ್ಟ್ರೇ. ಮೀನಿನ ವಾಸನೆ ಈಗ ಬಂದದ್ದಾ ನಿಮಗೆ?"

"ನಾನು ಹೊಗಳಿ ಬರೆದದ್ದು ದೇಜಪ್ಪ. ದೇವರಾಣೆ."

"ಹೊಗಳಿದರೆ ಕೆಲಸ ಹೋಗುವುದು ಎಲ್ಲಿಯಾದರೂ ಉಂಟಾ? ನಾನು ಶಾಲೆಗೆ ಹೋದವ ಅಲ್ಲ. ಆದರೆ ಅಷ್ಟು ಗೊತ್ತಾಗುತ್ತದೆ ನನಗೆ."

ಕಾರ್ಕಳದ ಒಂದು ಬೇಕರಿಯಲ್ಲಿ ಆಕೆಗೆ ಕೆಲಸ ಹೇಳಿದ್ದರಂತೆ. ಹಿಂದೆ ಕೆಲಸ ಮಾಡಿದ ಅಂಗಡಿಯ ಕಾಗದ ಕೇಳಿದರು. ಇದ್ದದ್ದು ನಿಮ್ಮದೇ. ಓದಿ ಮಡಚಿ ಹಿಂದಕ್ಕೆ ಕೊಟ್ಟರು. ಗ್ರಾಹಕರೇ ದೂರು ಬರೆದುಕೊಟ್ಟ ಹುಡುಗಿಯನ್ನು ಯಾವ ಬೇಕರಿಯವರು ಇಟ್ಟುಕೊಳ್ಳುತ್ತಾರೆ? ಇದನ್ನು ಹೇಳಿ ದೇಜಪ್ಪ ಹೊರಟುಹೋದರು. ನನ್ನ ಮಾತನ್ನು ಅವರು ನಂಬಲಿಲ್ಲ, ಕಾಪುವಿನಲ್ಲಿ ಯಾರೂ ನಂಬಿಲ್ಲ. ವಿಷ್ಣುಮೂರ್ತಿ ಮಾಸ್ಟ್ರು ಹಾಗೆ ಬರೆಯಲಿಕ್ಕಿಲ್ಲ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲವಂತೆ. ಬೇರೆ ಚೂರಿ ಬೇಕಾಗಿದ್ದದ್ದು ನನಗೇ ತಾನೇ? ನನ್ನಂಥವರು ತಲೆತಲಾಂತರದಿಂದ ನಡೆದುಕೊಂಡ ರೀತಿಗೆ ನಿಮ್ಮ ಸುಳ್ಳು ಸರಿಯಾಗಿ ಹೊಂದಿಕೊಂಡಿತು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮರುವಾರ ನಾನೇ ಕಾಪು ಪಡುವಿಗೆ ಹೋದೆ. ಆಕೆ ಜಗಲಿಗೆ ಕುರ್ಚಿ ತಂದು ಹಾಕಿದಳು. ದೇಜಪ್ಪ ಹಿತ್ತಿಲಿಗೆ ಹೋಗಿ ಬೊಂಡ ಕೆತ್ತಿ ತಂದರು. ನಮ್ಮಂಥವರು ಆ ಮನೆಗಳಿಗೆ ಹೋದರೆ ಎಳನೀರು ಕೊಡುವುದು ಹಳೆಯ ಮರ್ಯಾದೆ. ಮರದಿಂದ ನೇರ ಬಂದದ್ದು, ಅವರ ಒಲೆ, ಪಾತ್ರೆ ಯಾವುದೂ ತಾಗದ್ದು. ಎರಡು ವರ್ಷ ಆಕೆ ಕೊಯ್ದು ಕೊಟ್ಟದ್ದನ್ನು ಕೈಯಾರೆ ತೆಗೆದುಕೊಂಡು ತಿಂದ ನನ್ನ ಮುಂದೆ ಆ ಬೊಂಡ ಬಂತು.

"ಬೊಂಡ ಬೇಡ ಪುಷ್ಪಾವತಿ, ಒಂದು ಚಾ ಮಾಡು" ಎಂದೆ.

ಆಕೆ ನನ್ನ ಮುಖ ನೋಡಲಿಲ್ಲ. "ಬೇಡ ಮಾಸ್ಟ್ರೇ, ಬೊಂಡವೇ ಕುಡಿಯಿರಿ. ಚಾ ಯಾವ ಪಾತ್ರೆಯಲ್ಲಿ ಮಾಡಿದ್ದು ಅಂತ ಪುನಃ ಬರೆಯುವುದು ಬೇಡ."

ನಾನು ಮೂವತ್ತು ವರ್ಷ ಪಾಠ ಹೇಳಿದವನು, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡೆ. ಬೊಂಡ ಕುಡಿದೆ. ಅಷ್ಟು ಅವಮಾನ ನನಗೆ ಯಾವತ್ತೂ ಆಗಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಆದ್ದರಿಂದ ನನ್ನ ಬೇಡಿಕೆ ಇದು. ಪುಷ್ಪಾವತಿಯನ್ನು ಕೆಲಸಕ್ಕೆ ವಾಪಸು ಕರೆಯಿರಿ. ಬರುವುದು ಬಿಡುವುದು ಆಕೆಯ ಇಷ್ಟ. ಯಾವ ಗ್ರಾಹಕನೂ ಆಕೆಯ ಮೇಲೆ ದೂರಿಲ್ಲ, ಮೀನಿನ ಮಾತು ನಮ್ಮ ಕಚೇರಿಯಲ್ಲೇ ಹುಟ್ಟಿದ್ದು ಎಂದು ನಿಮ್ಮ ಕಂಪೆನಿಯ ಕಾಗದದಲ್ಲಿ, ಅದೇ ಮೊಹರು, ಅದೇ ದೊಡ್ಡ ರುಜು ಹಾಕಿ ಬರೆಯಿರಿ. ದೀಪಾವಳಿಯ ಒಳಗೆ ಬರೆಯಿರಿ. ಅಂಚೆಯಲ್ಲಿ ಹಾಕಬೇಡಿ. ನೀವೇ ಹಿಡಿದುಕೊಂಡು ಕಾಪು ಪಡುವಿಗೆ ಹೋಗಿ, ಆ ಜಗಲಿಯಲ್ಲಿ ನಿಂತು, ಅಣ್ಣ ತಂಗಿ ಇಬ್ಬರಿಗೂ ಕೇಳುವಂತೆ ಓದಿ ಹೇಳಿ. ಓದಿ ಮುಗಿಸಿದ ಮೇಲೆ ಅವರು ನಿಮಗೆ ಚಾ ಕೊಟ್ಟರೆ ನನಗೊಂದು ಕಾರ್ಡು ಹಾಕಿ. ಆಮೇಲೆ ನಾನೂ ಹೋಗುತ್ತೇನೆ.

ಇಂತಿ,
ನಿಮ್ಮ ಕಡತದ ಪ್ರಕಾರ ದೂರುದಾರ,
ಯಾರನ್ನೂ ಇನ್ನು ಹೆಸರು ಹಿಡಿದು ಹೊಗಳಲು ಹೆದರುವ
ವಿಷ್ಣುಮೂರ್ತಿ, ಕನ್ನಡ ಪಂಡಿತ
ಇನ್ನಂಜೆ, ಅಕ್ಟೋಬರ್ ೧೯೮೬